ಎಮ್ಮೆ ಇದ್ದ ಪಾಠ ಯೋಜನೆ

ನಿವೃತ್ತಿಯಾದ ಮೇಲೆ ನನಗೆ ಉಳಿದಿರುವ ಸರ್ಕಾರಿ ಕಾಗದ ಒಂದೇ. ನಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಬರೆದುಕೊಡುವುದು. ಅದರ ಪ್ರತಿ ತೆಗೆಸಲು ಈ ಸಲ ಗೋಕಾಕ ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಹೊಸದಾಗಿ ಶಿಕ್ಷಕಿಯಾಗಿ ಸೇರಿದವಳು ಎಂದು ಹೆಗಲ ಮೇಲಿನ ಚೀಲವೂ ಮುಖದ ಮೇಲಿನ ಹೆದರಿಕೆಯೂ ಹೇಳುತ್ತಿದ್ದವು.

"ಐದನೇತ್ತಾ ಗಣಿತದ್ದು ಪಾಠ ಯೋಜನಾ ಕೊಡ್ರಿ" ಎಂದಳು.

ಅಂಗಡಿಯವನು ತಲೆ ಎತ್ತದೆ ಕೇಳಿದ: "ಎಮ್ಮಿ ಇದ್ದದ್ದು ಬೇಕೋ, ಇಲ್ಲದ್ದು ಬೇಕೋ?"

"ಎಮ್ಮಿ ಅಂದ್ರ ಏನ್ರಿ?"

"ನಂಗೂ ಗೊತ್ತಿಲ್ರಿ. ಎಲ್ಲಾರೂ ಎಮ್ಮಿ ಇದ್ದದ್ದ ಒಯ್ಯಾಕತ್ತಾರ. ಸಾಹೇಬ್ರು ಅದಕ್ಕ 'ಉತ್ತಮ' ಅಂತ ಬರೀತಾರಂತ."

ಹುಡುಗಿ ಎಮ್ಮೆ ಇದ್ದದ್ದನ್ನೇ ಒಯ್ದಳು. ನನಗೆ ಆ ಎಮ್ಮೆಯ ಪರಿಚಯವಿತ್ತು. ಅದರ ಒಡತಿ ಗೊತ್ತಿದ್ದಳು. ಅದನ್ನು ಪಾಠಕ್ಕೆ ತಂದವಳಂತೂ ಇನ್ನೂ ಚೆನ್ನಾಗಿ ಗೊತ್ತಿದ್ದಳು. ಹುಡುಗಿಯನ್ನು ಕರೆದು ಹೇಳೋಣವೆಂದು ತಿರುಗುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವಳಂಥವರು ಯಾರಾದರೂ ಓದಲಿ.

ನಾನು ನೌಕರಿಗೆ ಸೇರಿದ್ದು ಗೋಕಾಕ ಫಾಲ್ಸ್ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ. ಗಿರಣಿಯ ಭೋಂಗಾ ಕೂಗಿದ ಮೇಲೆ ನಮ್ಮ ಗಂಟೆ, ಗಂಟೆಯಾದ ಮೇಲೆ ಹೆಡ್ ಮಾಸ್ತರರ ಕೈಗೆ ಸ್ಕೇಲು. ಮಕ್ಕಳಿಗೆ ಹೊಡೆಯಲು ಅಲ್ಲ, ನಮ್ಮ ಪಾಠ ಟಿಪ್ಪಣಿಯ ಅಂಚು ಅಳೆಯಲು. ಇಂದು ಏನು ಕಲಿಸುತ್ತೇನೆ, ಯಾಕೆ ಕಲಿಸುತ್ತೇನೆ, ಏನನ್ನು ತೋರಿಸಿ ಕಲಿಸುತ್ತೇನೆ ಎಂದು ಮುಂಚಿತವಾಗಿ ಬರೆದು ಅವರ ಟೇಬಲ್ಲಿನ ಮೇಲಿಡಬೇಕು. ಅವರು ಒಂದಕ್ಷರ ಓದುತ್ತಿರಲಿಲ್ಲ. ಅಂಚು ಸೊಟ್ಟಗಿದ್ದರೆ ಮಾತ್ರ ಕರೆಸುತ್ತಿದ್ದರು. ಒಂದು ದಿನ ನನ್ನನ್ನು ತಮ್ಮೆದುರೇ ಕೂರಿಸಿ ಇಡೀ ವಹಿಯ ಅಂಚನ್ನು ಕೆಂಪು ಮಸಿಯಲ್ಲಿ ಮತ್ತೆ ಎಳೆಸಿದರು. ಅತ್ತ ನನ್ನ ತರಗತಿಯ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಿದ್ದರು.

"ಕೇಳ್ರಿಲ್ಲೆ, ನಿಮ್ಮ ಹುಡುಗೂರು ಎಷ್ಟು ಗದ್ಲ ಮಾಡಾಕತ್ತಾವು" ಎಂದರು ಹೆಡ್ ಮಾಸ್ತರರು. "ನಿಮಗಿನ್ನೂ ವರ್ಗ ಹಿಡಿಯಾಕ ಬರೂದಿಲ್ಲ ನೋಡ್ರಿ."

ನಾನು ಅಂಚು ಹಿಡಿದುಕೊಂಡು ಕೂತಿದ್ದೆ. ವರ್ಗ ಹಿಡಿಯಲು ಮೂರನೆಯ ಕೈ ಇರಲಿಲ್ಲ.

ಅಲ್ಲಿಂದ ಹುಕ್ಕೇರಿ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಚೌಗಲಾ ಮಾಸ್ತರ ಎಂಬ ಹಿರಿಯರಿದ್ದರು. ಜೈನ ಒಕ್ಕಲು ಮನೆತನ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಾಹೇಬರ ಮುಂದೆ ಮೌನ. ಅವರು ಪಾಠ ಮಾಡಿದರೆ ಕಿಟಕಿಯಾಚೆ ದನ ಕಾಯುವವರೂ ನಿಂತು ಕೇಳುತ್ತಿದ್ದರು. ಅವರ ಪಾಠ ಯೋಜನೆ ಮಾತ್ರ ಅವರ ನೌಕರಿಯಷ್ಟೇ ಹಳೆಯದು. ಪ್ರತಿವರ್ಷ ಹೊಸ ಹೊದಿಕೆ, ಹೊಸ ತಾರೀಖು, ಒಳಗೆಲ್ಲ ಅದೇ. ಅದನ್ನವರು ಯಾರಿಂದಲೋ ನಕಲು ಮಾಡಿದ್ದರು, ಆ ಯಾರೋ ಕರಾವಳಿಯ ಮಾಸ್ತರೊಬ್ಬರಿಂದ ಮಾಡಿದ್ದರು. ಹಾಗಾಗಿ ಪರಿಸರ ಪಾಠದಲ್ಲಿ 'ಮಕ್ಕಳನ್ನು ಸಮೀಪದ ಸಮುದ್ರ ತೀರಕ್ಕೆ ಕರೆದೊಯ್ದು ಚಿಪ್ಪುಗಳನ್ನು ಸಂಗ್ರಹಿಸುವುದು' ಎಂದಿತ್ತು. ಅದರ ಕೆಳಗೆ ಬಂದುಹೋದ ಸಾಹೇಬರುಗಳೆಲ್ಲರ ಸಹಿ ಇತ್ತು.

"ಮಾಸ್ತರ, ಹುಕ್ಕೇರ್ಯಾಗ ಸಮುದ್ರ ಎಲ್ಲೈತ್ರಿ?" ಎಂದು ಕೇಳಿದೆ.

"ಸುಮ್ನಿರ್ರಿ ಅಕ್ಕೋರ" ಎಂದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. "ಸಾಹೇಬ್ರ ಸಹಿ ಆಗೇತಿ ಅಂದ್ರ ಸಮುದ್ರ ಇದ್ದಂಗ."

ನಾನು ನಕ್ಕೆ. ಅವರು ನಗಲಿಲ್ಲ. "ಖರೆ ಹೇಳ್ತೇನಿ. ಪಾಠ ಮಾಡೂದು ಒಂದು ನೌಕರಿ, ಪಾಠ ಬರಿಯೂದು ಇನ್ನೊಂದು ನೌಕರಿ. ಎರಡನ್ನೂ ಕೂಡಿಸಾಕ ಹೋದವ್ರು ಉದ್ಧಾರ ಆಗಿಲ್ಲ" ಎಂದರು. ಆಗ ಇದು ಸೋಮಾರಿಯ ಮಾತು ಎನಿಸಿತ್ತು. ಈಗ ಅದನ್ನು ಚೌಕಟ್ಟು ಹಾಕಿಸಿ ಪ್ರತಿ ಶಾಲೆಯ ಗೋಡೆಗೆ ತೂಗುಹಾಕಬೇಕು ಎನಿಸುತ್ತದೆ.

ಮುಂದೆ ಪದ್ಧತಿಗಳು ಬದಲಾಗುತ್ತಲೇ ಹೋದವು. ಟಿಪ್ಪಣಿ ಹೋಗಿ ಯೋಜನೆ ಬಂತು. ಯೋಜನೆಯೊಳಗೆ ವಾರ್ಷಿಕ ಯೋಜನೆ, ಘಟಕ ಯೋಜನೆ, ವಾರದ ಯೋಜನೆ ಎಂದು ಮರಿಗಳಾದವು. ಪ್ರತಿ ತರಬೇತಿಯಿಂದ ಬರುವಾಗ ಒಂದು ಕಾಲಂ ಹೆಚ್ಚು ಹೊತ್ತುಕೊಂಡು ಬರುತ್ತಿದ್ದೆವು. ಕಾಲಂ ಕಡಿಮೆ ಮಾಡಿದ ಸಾಹೇಬರನ್ನು ನಾನಂತೂ ನೋಡಲಿಲ್ಲ. ಆಮೇಲೆ ಮೊಬೈಲ್ ಬಂತು. ಮಕ್ಕಳು ಸಂತಸದಿಂದ ಕಲಿಯುತ್ತಿರುವ ಫೋಟೋ ಕಳಿಸಿ ಎಂದು ಆದೇಶವಾಯಿತು. ಒಳಗೆ ಬೆಳಕು ಸಾಲದೆಂದು ಸಂತಸದಿಂದ ಕಲಿಯುವವರನ್ನು ಬಿಸಿಲಿಗೆ ತಂದು ನಿಲ್ಲಿಸಿ, "ನಗ್ರೋ, ನಗ್ರೋ" ಎಂದು ಗದರಿಸಿ ನಗಿಸುತ್ತಿದ್ದೆವು. ಆ ಫೋಟೋ ಕಳಿಸಲು ನೆಟ್‌ವರ್ಕ್ ಹುಡುಕಿಕೊಂಡು ಒಬ್ಬ ಮಾಸ್ತರರು ನೀರಿನ ಟಾಕಿ ಹತ್ತಬೇಕಾಗಿತ್ತು. ಅಷ್ಟು ಹೊತ್ತು ಅವರ ವರ್ಗಕ್ಕೆ ಕಲಿಕೆ ಇಲ್ಲ, ಸಂತಸ ಮಾತ್ರ.

ಇಷ್ಟೆಲ್ಲ ಆದರೂ ನಮ್ಮ ಕುರ್ಚಿ ಗಟ್ಟಿಯಿತ್ತು ಎಂಬುದನ್ನು ಹೇಳಲೇಬೇಕು. ಅಂಚು ಸೊಟ್ಟಗಾದರೆ ಬೈಗುಳ ಸಿಗುತ್ತಿತ್ತು, ನೌಕರಿ ಹೋಗುತ್ತಿರಲಿಲ್ಲ. ಕಾಗದದ ಈ ಆಟ ಯಾರ ಕೊರಳಿಗೆ ಬೀಳುತ್ತದೆ ಎಂಬುದು ನನಗೆ ತಿಳಿದದ್ದು ಕೊನೆಯ ಶಾಲೆಯಲ್ಲಿ.

ಅದು ಮೂಡಲಗಿ ಕಡೆಯ ಒಂದು ಹಳ್ಳಿ. ನಾನಲ್ಲಿ ಮುಖ್ಯ ಶಿಕ್ಷಕಿ. ಐದನೇ ತರಗತಿಗೆ ಕಾಯಂ ಶಿಕ್ಷಕರಿರಲಿಲ್ಲ. ಅತಿಥಿ ಶಿಕ್ಷಕಿಯಾಗಿ ಶೋಭಾ ಬಂದಳು. ತವರು ಯಮಕನಮರಡಿ, ಗಂಡನ ಮನೆ ಗೋಕಾಕ. ಗಂಡ ಹೆದ್ದಾರಿಯಲ್ಲಿ ಲಾರಿ ಓಡಿಸುವವನು. ಕಾಯಂ ನೇಮಕಾತಿಯ ಪರೀಕ್ಷೆ ಬರೆಯುವ ವಯಸ್ಸು ಇನ್ನೇನು ಮೀರುವುದರಲ್ಲಿತ್ತು. ಅತಿಥಿ ಎಂಬ ಹೆಸರು ಇಟ್ಟವರ ಕುಶಾಲನ್ನು ಮೆಚ್ಚಬೇಕು. ಮನೆಗೆ ಬಂದ ಅತಿಥಿಗೆ ನಾವು ಚಹಾ ಕೊಡುತ್ತೇವೆ. ಈ ಅತಿಥಿಯಿಂದ ಮೊದಲು ಮುಚ್ಚಳಿಕೆ ಬರೆಸಿಕೊಳ್ಳಬೇಕು.

ಶೋಭಾ ಓದದೆ ಸಹಿ ಮಾಡಲು ಹೊರಟಳು. ನಾನೇ ತಡೆದು ಓದಿ ಹೇಳಿದೆ. ಕಾಯಂ ಮಾಡಿ ಎಂದು ಕೇಳತಕ್ಕದ್ದಲ್ಲ. ಕಾಯಂ ಶಿಕ್ಷಕರು ಬಂದ ದಿನವೇ ಬಿಟ್ಟುಹೋಗತಕ್ಕದ್ದು. ಎಲ್ಲ ದಾಖಲೆಗಳನ್ನು, ಎಲ್ಲ ಯೋಜನೆಗಳನ್ನು ಕಾಯಂ ಶಿಕ್ಷಕರಂತೆಯೇ ಬರೆಯತಕ್ಕದ್ದು. ತಪಾಸಣೆಯಲ್ಲಿ ಕೆಲಸ ತೃಪ್ತಿಕರವಲ್ಲವೆಂದು ಕಂಡರೆ ನೋಟೀಸು ಇಲ್ಲದೆ ಬಿಡುಗಡೆ. ಬರೆಯುವುದರಲ್ಲಿ ಮಾತ್ರ ಅವಳು ಕಾಯಂ, ಉಳಿದದ್ದರಲ್ಲೆಲ್ಲ ಅತಿಥಿ.

ಸಹಿ ಮಾಡಿದ ಕೈಗೇ ವಾರ್ಷಿಕ ಯೋಜನೆಯ ಫಾರ್ಮು ಕೊಟ್ಟೆ. ಅವಳು ಹಾಳೆ ತಿರುವಿ ಕೊನೆಯ ತಿಂಗಳುಗಳ ಮೇಲೆ ಬೆರಳಿಟ್ಟಳು.

"ಅಕ್ಕೋರ, ದೀಪಾವಳಿ ತನಕ ಇಲ್ಲಿ ಇರ್ತೀನೋ ಇಲ್ಲೋ ನಂಗ ಗೊತ್ತಿಲ್ಲ. ಫೆಬ್ರುವರಿ ಪಾಠ ಹೆಂಗ ಬರೀಲ್ರಿ?"

"ಬರಿಯವ್ವಾ. ನೀ ಇರದಿದ್ರೂ ನಡಿತೈತಿ, ಯೋಜನಾ ಇರಬೇಕು" ಎಂದೆ. ನಾನು ತಮಾಷೆಗೆ ಹೇಳಿದ್ದೆ. ಆದರೆ ಅದು ಇಲಾಖೆಯ ನಿಲುವೇ ಆಗಿತ್ತು.

ಶೋಭಾಳ ದೋಷ ಒಂದೇ. ಏನು ಕಲಿಸುವಳೋ ಅದನ್ನೇ ಬರೆಯುವಳು. ಬೇರೆಯವರ ಯೋಜನೆಗಳಲ್ಲಿ ಕಲಿಕೋಪಕರಣ ಎಂಬ ಕಾಲಮ್ಮಿನಲ್ಲಿ 'ಚಾರ್ಟ್, ಮಿಂಚುಪಟ್ಟಿ' ಎಂದಿರುತ್ತಿತ್ತು. ಆ ಚಾರ್ಟು ಬೀರುವಿನಿಂದ ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. ಇವಳ ಕಾಲಮ್ಮಿನಲ್ಲಿ ಹುಣಸೆ ಬೀಜ, ಕೊಡ, ಬಳೆ, ಸೈಕಲ್ ಗಾಲಿ ಇರುತ್ತಿದ್ದವು, ಅವು ನಿಜಕ್ಕೂ ತರಗತಿಗೆ ಬರುತ್ತಿದ್ದವು.

ಅಳತೆಯ ಪಾಠ ಬಂತು. ದುಂಡಗಿನ ವಸ್ತುವನ್ನು ಅಳೆಯುವುದು ಹೇಗೆ? ಸುತ್ತಲೂ ದಾರ ಹಾಕಿ, ಆ ದಾರವನ್ನು ಅಳೆಯಬೇಕು. ಇವಳು ಕೊಡ, ತಂಬಿಗೆ ಎಲ್ಲ ಅಳೆಸಿದಳು. ಆಗ ಒಬ್ಬಳು ಎದ್ದುನಿಂತು, ತಮ್ಮ ಆಯಿಯ ಎಮ್ಮೆ ಊರಲ್ಲೇ ದಪ್ಪ ಎಂದಳು. ಇನ್ನೊಬ್ಬ ತಮ್ಮದೇ ದಪ್ಪ ಎಂದ. ತರಗತಿ ಎರಡು ಪಕ್ಷವಾಯಿತು. ಶೋಭಾ ಗದರಿಸಲಿಲ್ಲ. ಮರುದಿನದ ಯೋಜನೆಯಲ್ಲಿ ಕಲಿಕೋಪಕರಣ: ಎಮ್ಮೆ ಎಂದು ಬರೆದಳು. ಚಟುವಟಿಕೆ: ಹೊಟ್ಟೆಯ ಸುತ್ತಳತೆಯನ್ನು ಮೊದಲು ಅಂದಾಜು ಮಾಡಿ, ಆಮೇಲೆ ದಾರದಿಂದ ಅಳೆಯುವುದು. ಕೊನೆಗೆ: ಗಂಗವ್ವ ಆಯಿಗೆ ಧನ್ಯವಾದ ಹೇಳುವುದು.

ಗಂಗವ್ವ ಎಮ್ಮೆಯ ಒಡತಿ, ಆ ಹುಡುಗಿಯ ಅಜ್ಜಿ. ಎಮ್ಮೆಯನ್ನು ಶಾಲೆಯ ಬೇವಿನ ಮರಕ್ಕೆ ಕಟ್ಟಿ, ಕೊಂಬು ಹಿಡಿದು ನಿಂತಳು. "ಹೊಟ್ಟಿ ಮ್ಯಾಲೆ ಕಚಗುಳಿ ಇಡಬ್ಯಾಡ್ರೋ, ಒದಿತೈತಿ" ಎಂದು ಕೂಗುತ್ತಿದ್ದಳು. ಆವತ್ತು ನಾನೂ ನನ್ನ ಕಾಗದ ಬಿಟ್ಟು ಹೊರಗೆ ಬಂದು ನಿಂತೆ. ಗಣಿತದ ಪೀರಿಯಡ್ಡಿನಲ್ಲಿ ಮಕ್ಕಳು ತಾವಾಗಿಯೇ ನಗುವುದನ್ನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಫೋಟೋ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ತಪಾಸಣೆಗೆ ಬರುವ ಸಾಹೇಬರು ಅದೇ ವಾರ ಬಂದರು. ತರಗತಿಗೆ ಹೋಗಲಿಲ್ಲ. ನನ್ನ ಕೋಣೆಯಲ್ಲಿ ಕೂತು, ತಂದಿಟ್ಟ ಕರದಂಟು ಬಾಯಿಗೆ ಹಾಕಿಕೊಂಡು ಯೋಜನೆಯ ವಹಿ ತಿರುವಿದರು. ಜಗಿಯುವುದು ನಿಂತಿತು.

"ಏನ್ ಮೇಡಂ ಇದು? ಉಪಕರಣ ಎಮ್ಮಿ ಅಂತ ಬರದೈತಿ!"

"ಹೌದ್ರಿ ಸರ್. ಎಮ್ಮಿ ತಂದ ಪಾಠ ಮಾಡ್ಯಾಳ್ರಿ."

"ಸ್ಟಾಕ್ ರಜಿಸ್ಟರ್ ತಗೀರಿ. ಅದರಾಗ ಎಮ್ಮಿ ಎಲ್ಲೈತಿ ತೋರಸ್ರಿ."

"ಎಮ್ಮಿ ಊರಾಗೈತ್ರಿ ಸರ್."

"ಯೋಜನಾದಾಗ ಬರದ ಉಪಕರಣ ರಜಿಸ್ಟರಿನಾಗ ಇರಬೇಕು. ಇಲ್ಲಾಂದ್ರ ಯೋಜನಾ ಸುಳ್ಳು, ಇಲ್ಲಾ ರಜಿಸ್ಟರ್ ಸುಳ್ಳು. ಯಾವುದಂತ ಬರೀಲಿ?"

ಶೋಭಾಳನ್ನು ಕರೆಸಿದರು. ಅವಳು ಮಕ್ಕಳು ಅಳೆದ ದಾರವನ್ನೇ ಹಿಡಿದುಕೊಂಡು ಬಂದಿದ್ದಳು, ತೋರಿಸಬಹುದೆಂದು. ಸಾಹೇಬರು ದಾರದ ಕಡೆ ನೋಡಲಿಲ್ಲ. 'ದಾಸ್ತಾನಿನಲ್ಲಿ ಇಲ್ಲದ ಉಪಕರಣ ನಮೂದಿಸಲಾಗಿದೆ. ಅತಿಥಿ ಶಿಕ್ಷಕಿಯ ಕೆಲಸ ತೃಪ್ತಿಕರವಲ್ಲ. ಮುಖ್ಯ ಶಿಕ್ಷಕರು ವಿವರಣೆ ಸಲ್ಲಿಸುವುದು' ಎಂದು ಬರೆದು, ಉಳಿದ ಕರದಂಟು ಕಟ್ಟಿಸಿಕೊಂಡು ಹೋದರು.

'ತೃಪ್ತಿಕರವಲ್ಲ' ಎಂಬ ಶಬ್ದ ನಮಗೆ ಬರೀ ಶಬ್ದ. ಮುಚ್ಚಳಿಕೆ ಬರೆದುಕೊಟ್ಟವಳಿಗೆ ಅದು ಮನೆಗೆ ಹೋಗುವ ಬಸ್ಸು. ಶೋಭಾ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಚಾರ್ಟ್ ಅಂತ ಬರದ್ರ ಮುಗೀತಿತ್ತಲ್ರಿ ಅಕ್ಕೋರ. ನಂದ ತಪ್ಪಾತು. ಈಗ ಅಳಿಸಿ ಬರದ್ರ ನಡೀತೈತೇನ್ರಿ?"

ನನಗೆ ಎಂಥ ಸಿಟ್ಟು ಬಂತೆಂದರೆ, ಅಷ್ಟು ವರ್ಷ ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. "ಅಳಿಸಬ್ಯಾಡ. ಸಾಹೇಬ್ರಿಗೆ ಕಾಗದ ಬೇಕಲ್ಲಾ, ಕೊಡೂಣು" ಎಂದೆ.

ವಿವರಣೆ ಬರೆಯಲು ಕೂತೆ. ಕಚೇರಿಯ ಕನ್ನಡವನ್ನು ಜೀವಮಾನವಿಡೀ ಓದಿದವಳು ನಾನು, ಬರೆಯಲು ಕಷ್ಟವೇನಾಗಲಿಲ್ಲ. 'ಸದರಿ ಎಮ್ಮೆಯು ಗಂಗವ್ವ ಎಂಬವರಿಗೆ ಸೇರಿದ್ದಾಗಿದ್ದು, ಎರವಲು ಪಡೆದು, ಬಳಕೆಯ ನಂತರ ಸುಸ್ಥಿತಿಯಲ್ಲಿ ಹಿಂದಿರುಗಿಸಲಾಗಿದೆ. ಮೇಲಧಿಕಾರಿಗಳ ಸೂಚನೆಯಂತೆ ಸದರಿ ಎಮ್ಮೆಯನ್ನು ದಾಸ್ತಾನಿಗೆ ತೆಗೆದುಕೊಳ್ಳಲು ಶಾಲೆಯು ಸಿದ್ಧವಿದೆ. ಆದರೆ ಅದರ ಮೇಲೆ ಶಾಲೆಯ ಹೆಸರು ಮತ್ತು ಕ್ರಮಸಂಖ್ಯೆಯನ್ನು ಯಾವ ಭಾಗದಲ್ಲಿ ಬರೆಯಬೇಕು, ವರ್ಷಾಂತ್ಯದ ಪರಿಶೀಲನೆಯ ಹೊತ್ತಿಗೆ ಕರು ಹಾಕಿದ್ದಲ್ಲಿ ಸದರಿ ಕರುವನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕು, ಹಾಗೂ ಸಗಣಿಯು ಶಾಲೆಯ ಆಸ್ತಿಯೋ ಅಥವಾ ಇಲಾಖೆಯದೋ ಎಂಬ ಬಗ್ಗೆ ಸೂಕ್ತ ಮಾರ್ಗದರ್ಶನ ನೀಡಲು ಕೋರಿದೆ.'

ಗಂಗವ್ವನಿಗೆ ಓದಿ ಹೇಳಿದೆ. ಅವಳು ಹೆದರಲಿಲ್ಲ. "ಬರ್ಕೋರಿ ನನ್ನ ಎಮ್ಮಿ ಸರಕಾರಕ್ಕ. ಹಿಂಡಿ ಹಾಕಾಕೂ ಅವರ ಬರ್ಲಿ, ಸಗಣಿ ಬಳಿಯಾಕೂ ಅವರ ಬರ್ಲಿ" ಎಂದಳು.

ನನಗೆ ನೋಟೀಸು ಬರುತ್ತದೆ ಎಂದುಕೊಂಡಿದ್ದೆ. ಆದರೆ ಕಾಗದ ಮೇಲೆ ಹೋದಂತೆಲ್ಲ ಅದನ್ನು ಯಾರೂ ಪೂರ್ತಿ ಓದಲಿಲ್ಲ. ಒಬ್ಬರು 'ಪರಿಶೀಲಿಸಿ' ಎಂದು ಬರೆದು ಮೇಲೆ ಕಳಿಸಿದರು, ಇನ್ನೊಬ್ಬರು 'ಸೂಕ್ತ ಕ್ರಮಕ್ಕಾಗಿ' ಎಂದು ಇನ್ನೂ ಮೇಲೆ ಕಳಿಸಿದರು. ತೀರಾ ಮೇಲಿನ ಯಾರೋ ಎಮ್ಮೆ, ಶಾಲೆ, ಗಣಿತ ಎಂಬ ಮೂರು ಶಬ್ದ ಓದಿ, ಇದು ಸ್ಥಳೀಯ ಸಂಪನ್ಮೂಲದ ಉತ್ತಮ ಬಳಕೆ ಎಂದು ಹೊಗಳಿ ಬರೆದುಬಿಟ್ಟರು. ನಮ್ಮ ಸಾಹೇಬರ ಕೆಲಸ ಚುರುಕು. ಮರುವಾರವೇ ಬಂದು 'ತೃಪ್ತಿಕರವಲ್ಲ' ಎಂಬುದರ ಕೊನೆಯ ಎರಡಕ್ಷರ ಹೊಡೆದುಹಾಕಿದರು, ಯೋಜನೆಯ ಫೋಟೋ ತೆಗೆದುಕೊಂಡರು. ತಿಂಗಳೊಳಗೆ ಎಲ್ಲ ಶಾಲೆಗಳ ವಾಟ್ಸಾಪ್ ಗುಂಪಿಗೆ ಮಾದರಿ ಪಾಠ ಯೋಜನೆ ಎಂದು ಅದು ಬಂತು. ಪರಿಕಲ್ಪನೆ ಎಂಬಲ್ಲಿ ಸಾಹೇಬರ ಹೆಸರಿತ್ತು. ಶೋಭಾಳ ಹೆಸರು ಎಲ್ಲೂ ಇರಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕೋರ. ನೌಕರಿ ಉಳೀತಲ್ಲ" ಎಂದಳು.

ಉಳಿದದ್ದು ಮಾರ್ಚ್ ತನಕ. ಜೂನ್‌ನಲ್ಲಿ ಮತ್ತೆ ಮುಚ್ಚಳಿಕೆಗೆ ಸಹಿ ಮಾಡಲು ಅವಳು ಬಂದ ದಿನವೇ, ವರ್ಗಾವಣೆಯ ಆದೇಶ ಹಿಡಿದು ಕಾಯಂ ಮಾಸ್ತರರೊಬ್ಬರೂ ಬಂದರು. ಪಾಪ, ಒಳ್ಳೆಯ ಹುಡುಗ. ಕುರ್ಚಿಯಲ್ಲಿ ಕೂತವನೇ ಮೊಬೈಲ್ ತೋರಿಸಿ, "ಅಕ್ಕೋರ, ಐದನೇತ್ತಕ್ಕ ಈ ಎಮ್ಮಿ ಯೋಜನಾನ ಇಟ್ಕೋತೀನ್ರಿ, ಭಾರೀ ಚಂದ ಐತಿ" ಎಂದ. ಶೋಭಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವನಿಗೆ ಹೇಳಬೇಡಿ ಎಂದು ನನಗೆ ಕೈಸನ್ನೆ ಮಾಡಿ ಹೊರಟುಹೋದಳು. ಆ ದಿನ ನಾನು ಅತ್ತೆ. ಮರುವರ್ಷ ನನ್ನ ನಿವೃತ್ತಿಗೆ ಶಾಲು ಹೊದಿಸಿದಾಗ ಅಳು ಬರಲಿಲ್ಲ.

ಶೋಭಾ ತವರಿಗೆ ಹೋಗಿ, ಅಲ್ಲಿಂದ ಸಂಕೇಶ್ವರದ ಒಂದು ಖಾಸಗಿ ಶಾಲೆಗೆ ಅರ್ಜಿ ಹಾಕಿದಳು. ಅಲ್ಲಿಯ ಕರಾರು ಬೇರೆ ತರಹದ್ದು. ನಡುವೆ ಬಿಟ್ಟು ಹೋಗತಕ್ಕದ್ದಲ್ಲ, ಮೂಲ ಅಂಕಪಟ್ಟಿ ಸಂಸ್ಥೆಯ ಕಪಾಟಿನಲ್ಲಿ ಇರತಕ್ಕದ್ದು, ಶನಿವಾರಕ್ಕೆ ಮುಂದಿನ ವಾರದ ಯೋಜನೆ ಕೊಡತಕ್ಕದ್ದು. ಸರ್ಕಾರ ಯಾವಾಗ ಬೇಕಾದರೂ ಹೋಗು ಎನ್ನುತ್ತಿತ್ತು, ಇವರು ಯಾವಾಗಲೂ ಹೋಗಬೇಡ ಎನ್ನುತ್ತಿದ್ದರು. ಯೋಜನೆಯ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಆಯ್ಕೆಗೆ ಮೊದಲು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಮೇಲ್ವಿಚಾರಕಿ ಮೇಡಂ ಒಂದು ಯೋಜನೆ ಕೈಗೆ ಕೊಟ್ಟು, "ಹಿಂಗ ಮಾಡ್ರಿ, ಇದು ಮಾದರಿ" ಎಂದರಂತೆ. ಶೋಭಾ ನೋಡಿದಳು. ಅವಳದೇ ಯೋಜನೆ. ಕೈಯಿಂದ ಕೈಗೆ ನಕಲಾಗುತ್ತ ಬರುವಾಗ ಯಾರೋ ಎಮ್ಮೆ ಎಲ್ಲಿಂದ ತರೋಣವೆಂದು, ಕಲಿಕೋಪಕರಣದಲ್ಲಿ 'ಎಮ್ಮೆಯ ಚಾರ್ಟ್' ಎಂದು ಮಾಡಿದ್ದರು. ಉಳಿದದ್ದೆಲ್ಲ ಹಾಗೇ ಇತ್ತು. ಮಕ್ಕಳು ಚಾರ್ಟಿನ ಎಮ್ಮೆಯ ಹೊಟ್ಟೆಯ ಸುತ್ತಳತೆಯನ್ನು ದಾರದಿಂದ ಅಳೆಯಬೇಕಿತ್ತು. ಕೊನೆಗೆ ಗಂಗವ್ವ ಆಯಿಗೆ ಧನ್ಯವಾದವನ್ನೂ ಹೇಳಬೇಕಿತ್ತು.

"ಗಂಗವ್ವ ಆಯಿ ಅಂದ್ರ ಯಾರ್ರಿ ಮೇಡಂ?" ಎಂದು ಬೇಕೆಂದೇ ಕೇಳಿದಳು.

"ಯಾರೋ ಹಿಂದಿನ ಕಾಲದ ಶಿಕ್ಷಣ ತಜ್ಞರು ಇರಬೇಕು. ನೀವು ಹೇಳಿಸ್ರಿ, ಯೋಜನಾದಾಗ ಐತಿ."

ಗೋಡೆಯ ಮೇಲೆ ಚಪ್ಪಟೆ ಎಮ್ಮೆ ತೂಗುತ್ತಿತ್ತು. ಮಕ್ಕಳು ದಾರ ಹಿಡಿದು ಸುತ್ತಲಿಕ್ಕೆ ಜಾಗವೇ ಇಲ್ಲವೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಶೋಭಾ ಚಾರ್ಟನ್ನು ಕೆಳಗಿಳಿಸಿ, ಎಮ್ಮೆ ಹೊರಗೆ ಬರುವಂತೆ ದುಂಡಗೆ ಸುತ್ತಿ ಹಿಡಿದಳು. "ಈಗ ಹೊಟ್ಟಿ ಬಂತ ನೋಡ್ರಿ" ಎಂದಳು. ಮಕ್ಕಳು ಓಡಿಬಂದು ದಾರ ಸುತ್ತಿದರು, ಅಳೆದರು, ಎಮ್ಮೆ ತೆಳ್ಳಗಾಗಿದೆ ಎಂದು ನಕ್ಕರು. ಮೇಡಂ ತಮ್ಮ ಹಾಳೆಯಲ್ಲಿ 'ಪಾಠವು ಯೋಜನೆಯ ಪ್ರಕಾರ ನಡೆದಿಲ್ಲ' ಎಂದು ಬರೆದರು. ಶೋಭಾ ಆಯ್ಕೆಯಾಗಲಿಲ್ಲ.

ಇದನ್ನು ಫೋನಿನಲ್ಲಿ ಹೇಳುವಾಗ ಅವಳು ನಗುತ್ತಿದ್ದಳು. ಯೋಜನೆ ನಿನ್ನದೇ ಎಂದು ಹೇಳಬೇಕಿತ್ತು ಎಂದೆ. "ಹೇಳಿದ್ರ ನಂಬತಿದ್ರೇನ್ರಿ? ಅದರ ಮ್ಯಾಲೆ ಸಾಹೇಬ್ರ ಹೆಸರೈತಿ" ಎಂದಳು.

ಈ ವರ್ಷ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅವಳಿಗೆ ಮತ್ತೆ ಅತಿಥಿ ಕೆಲಸ ಸಿಕ್ಕಿದೆ. ಝೆರಾಕ್ಸ್ ಅಂಗಡಿಯಿಂದ ಮನೆಗೆ ಬಂದು ನೋಡಿದರೆ ಮೊಬೈಲಿಗೆ ಅವಳ ಯೋಜನೆಯ ಫೋಟೋ ಬಂದಿತ್ತು. ಕಲಿಕೋಪಕರಣದ ಕಾಲಮ್ಮಿನಲ್ಲಿ 'ಎಮ್ಮೆ, ಜೀವಂತ' ಎಂದಿತ್ತು. ಕೆಳಗೆ 'ಉತ್ತಮ' ಎಂದು ಸಹಿ. ಸಹಿಯ ಗುರುತು ಹತ್ತಿತು. ಅದೇ ಸಾಹೇಬರು, ಬಡ್ತಿಯ ಮೇಲೆ ಆ ಕಡೆಗೆ ಬಂದಿದ್ದಾರೆ. ಫೋನ್ ಹಚ್ಚಿದೆ.

"ನಿನ್ನ ಗುರ್ತು ಹಿಡದ್ರೇನು?"

"ಇಲ್ರಿ. ಎಮ್ಮಿ ಅಂತ ಕಂಡಕೂಡ್ಲೆ ಸಹಿ ಮಾಡಿದ್ರು. 'ಇದು ನಂದ ಯೋಜನಾ, ಛಲೋ ಅಳವಡಿಸ್ಕೊಂಡೀರಿ' ಅಂದ್ರು."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗು ನಿಂತ ಮೇಲೆ ಕೇಳಬಾರದ್ದನ್ನು ಕೇಳಿದೆ. "ಮತ್ತ ಮುಂದಿನ ವರ್ಷ ಏನವ್ವಾ?"

"ವರ್ಷದ ಯೋಜನಾ ಬರದೇನ್ರಿ ಅಕ್ಕೋರ. ತಿಂಗಳದ್ದು ಬರದೇನಿ, ವಾರದ್ದು ಬರದೇನಿ, ಒಂದೊಂದು ತಾಸಿಂದೂ ಬರದೇನಿ" ಎಂದಳು ಶೋಭಾ. "ಮಾರ್ಚ್ ಆದ ಮ್ಯಾಲೆ ನಂದೇನು ಅಂತ ಬರಿಯಾಕ ಅದರಾಗ ಕಾಲಂ ಇಲ್ರಿ."